ಅರ್ಜಿ ಜತೆ ಬಹುಮಾನದ ಪತ್ರ ಇಡಬೇಕೆ?

ಪ್ರಶ್ನೆ: ಮಗಳು ಬಿ.ಎಸ್ಸಿ. ಕೃಷಿಗೆ ಸೇರಬೇಕೆಂದಿದ್ದಾಳೆ. ಭಾಷಣ, ವಿಜ್ಞಾನ ಪ್ರದರ್ಶನದ ಬಹುಮಾನಪತ್ರಗಳನ್ನು, ನಮ್ಮ ತೆಂಗಿನ ತೋಟದಲ್ಲಿ ಅವಳು ದುಡಿದ ಫೋಟೋಗಳನ್ನು ಅರ್ಜಿಗೆ ಲಗತ್ತಿಸಿದರೆ ಅನುಕೂಲವೇ?
– ಓದುಗರೊಬ್ಬರು, ಕೆಂಕೆರೆ

ಉತ್ತರ: ಬೇಡ. ಸಿಇಟಿ ಮೂಲಕ ಸೀಟು ಹಂಚುವ ಪರೀಕ್ಷಾ ಪ್ರಾಧಿಕಾರ ನೋಡುವುದು ರ‍್ಯಾಂಕ್ ಮತ್ತು ಮೀಸಲಾತಿ. ಫೋಟೋಗೆ ಅಲ್ಲಿ ಅಂಕವಿಲ್ಲ. ಅಮೆರಿಕದ ಹಲವು ಕಾಲೇಜುಗಳು ಪ್ರಬಂಧ, ಶಿಫಾರಸು ಪತ್ರ, ಕಲಾಕೃತಿಗಳನ್ನೂ ತೂಗಿ ನೋಡುತ್ತವೆ. ಅಲ್ಲಿ ಕೂಡ ಕೇಳದ್ದನ್ನು ತುರುಕಿದರೆ ಓದುವವರಿಗೆ ಬೇಸರವೇ.

ನಿಮಗೆ ನಿಜಕ್ಕೂ ಬೇಕಾದ ಕಾಗದಗಳು ಬೇರೆ. ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯಲ್ಲೇ ಓದಿದ್ದರೆ ಗ್ರಾಮೀಣ ವ್ಯಾಸಂಗ ಪತ್ರ, ಕನ್ನಡದಲ್ಲೇ ಓದಿದ್ದರೆ ಕನ್ನಡ ಮಾಧ್ಯಮ ಪತ್ರ. ಮೊದಲನೆಯದಕ್ಕೆ ಶೇ. 15, ಎರಡನೆಯದಕ್ಕೆ ಶೇ. 5 ಸೀಟುಗಳಿವೆ. ಶಾಲೆಯ ಮುಖ್ಯಶಿಕ್ಷಕರ ಸಹಿಯ ಜತೆಗೆ ಬಿಇಒ ಮೇಲುಸಹಿಯೂ ಇರಲಿ. ಜಾತಿ, ಆದಾಯ ಪತ್ರಗಳ ಆರ್‌ಡಿ ಸಂಖ್ಯೆಯನ್ನು ಅರ್ಜಿಯಲ್ಲಿ ತಪ್ಪಿಲ್ಲದೆ ತುಂಬಿ. ಎನ್‌ಸಿಸಿ, ಕ್ರೀಡೆಯ ಪತ್ರಗಳಿದ್ದರೆ ಮಾತ್ರ ಬೇರೆ ಮಾತು, ಅವಕ್ಕೆ ಪ್ರತ್ಯೇಕ ಕೋಟಾ ಇದೆ.

ತೋಟದ ಕೆಲಸ ವ್ಯರ್ಥವೆಂದಲ್ಲ. ಕೃಷಿಕರ ಕೋಟಾ ಇದೆ. ಅದಕ್ಕೆ ವ್ಯವಸಾಯಗಾರರ ಕುಟುಂಬದ ದೃಢೀಕರಣ ಬೇಕು, ನಾಡಕಚೇರಿಯಲ್ಲಿ ಅರ್ಜಿ ಕೊಡಿ. ಆಮೇಲೆ ಪ್ರಾಯೋಗಿಕ ಪರೀಕ್ಷೆ: ಮುಂದಿಟ್ಟ ಬೀಜ, ಗೊಬ್ಬರ, ಸಲಕರಣೆಗಳನ್ನು ಗುರುತಿಸಬೇಕು. ನಮ್ಮ ಕಡೆಯ ಮಕ್ಕಳಿಗೆ ತೆಂಗು, ಅಡಿಕೆ ಕಣ್ಣುಮುಚ್ಚಿದರೂ ಗೊತ್ತು. ನವಣೆ, ಸಾಮೆ ಎರಡನ್ನೂ ಅಂಗೈಯಲ್ಲಿ ಹಾಕಿ ಕೇಳಿ, ತಡವರಿಸುತ್ತಾರೆ. ಫೋಟೋ ಪ್ರಿಂಟಿಗೆ ಕೊಡುವ ದುಡ್ಡಲ್ಲಿ ಹುಳಿಯಾರಿನ ಬೀಜದಂಗಡಿಯಿಂದ ಹಿಡಿಹಿಡಿ ಕಾಳು ತಂದು ಅವಳ ಮುಂದೆ ಹರಡಿ.