ಅಂಜುವ ಕಾಲಿಗೆ ತಕ್ಕ ಇಳಿಜಾರು

ಎರಡು ಉದ್ದನೆಯ ಹಲಗೆಗಳನ್ನು ಗಟ್ಟಿ ಬೂಟುಗಳಿಗೆ ಬಿಗಿದುಕೊಂಡು ಹಿಮದ ಮೇಲೆ ಜಾರುತ್ತ ಸಾಗುವುದಕ್ಕೆ ಸ್ಕೀಯಿಂಗ್ ಎನ್ನುತ್ತಾರೆ. ಇದರಲ್ಲಿ ಎರಡು ಮುಖ್ಯ ಬಗೆಗಳಿದ್ದು, ಬೂಟಿನ ಹಿಮ್ಮಡಿಯೂ ಹಲಗೆಗೆ ಬಿಗಿದಿರುವಂತೆ ಕಟ್ಟಿಕೊಂಡು ಬೆಟ್ಟದ ಮೇಲಿನಿಂದ ಕೆಳಗೆ ಇಳಿಯುವುದನ್ನು ಆಲ್ಪೈನ್ ಸ್ಕೀಯಿಂಗ್ ಎಂದೂ, ಹಿಮ್ಮಡಿಯನ್ನು ಸಡಿಲವಾಗಿ ಬಿಟ್ಟುಕೊಂಡು ಹೆಚ್ಚುಕಡಿಮೆ ಸಮತಟ್ಟಾದ ನೆಲದ ಮೇಲೆ ದೂರ ಸಾಗುವುದನ್ನು ನಾರ್ಡಿಕ್ ಅಥವಾ ಕ್ರಾಸ್‌ಕಂಟ್ರಿ ಸ್ಕೀಯಿಂಗ್ ಎಂದೂ ಕರೆಯುವರು. ಕರ್ನಾಟಕದಲ್ಲಿ ಹಿಮ ಬೀಳುವುದಿಲ್ಲವಾದರೂ ಈ ಆಟ ಕನ್ನಡಿಗರಿಗೆ ದೂರದ್ದಾಗಿ ಉಳಿದಿಲ್ಲ. ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರು ಗುಲ್ಮಾರ್ಗದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಕರ್ನಾಟಕದ ಪರವಾಗಿ ನಾರ್ಡಿಕ್ ಸ್ಪರ್ಧೆಗಳಲ್ಲಿ ಪದಕ ಗೆದ್ದು, ಮಳೆನಾಡಿನಲ್ಲಿ ಬೆಳೆದವರಿಗೂ ಹಿಮ ಒಲಿಯಬಲ್ಲದೆಂದು ತೋರಿಸಿಕೊಟ್ಟಿದ್ದಾರೆ. ಈ ಅಧ್ಯಾಯ ಪದಕದ ಮಾತನ್ನು ಬಿಟ್ಟು, ಹುಬ್ಬಳ್ಳಿ–ಧಾರವಾಡದಂಥ ಬಯಲಿನ ಊರಿನಿಂದ ಮೊದಲ ಸಲ ಹಿಮಾಲಯಕ್ಕೆ ಹೋಗಿ, ಹಲಗೆ ಕಟ್ಟಿಕೊಂಡ ಕೂಡಲೇ ಎದೆ ಡವಗುಟ್ಟುವವರು ಎಂಥ ಇಳಿಜಾರನ್ನು ಆರಿಸಿಕೊಳ್ಳಬೇಕು ಎಂಬುದನ್ನು ಮಾತ್ರ ವಿವರಿಸುತ್ತದೆ.

ಆಯ್ಕೆಯ ಮಾತು ಇಳಿಜಾರಿಗಿಂತ ಮೊದಲು ತಿಂಗಳಿನಿಂದ ಶುರುವಾಗುತ್ತದೆ. ಭಾರತದ ಸ್ಕೀ ತಾಣಗಳಲ್ಲಿ ನಂಬಿಕೆಯ ಹಿಮ ಇರುವುದು ಸಾಮಾನ್ಯವಾಗಿ ಜನವರಿಯಿಂದ ಮಾರ್ಚ್‌ವರೆಗೆ. ಕರ್ನಾಟಕದ ಶಾಲೆಗಳಿಗೆ ರಜೆ ಸಿಗುವುದು ದಸರೆಗೆ ಮತ್ತು ಏಪ್ರಿಲ್–ಮೇ ತಿಂಗಳಲ್ಲಿ. ಹೀಗಾಗಿ ಉತ್ತರ ಕರ್ನಾಟಕದ ಹಲವು ಕುಟುಂಬಗಳು ಹಿಮವನ್ನು ಮೊದಲು ಕಾಣುವುದು ಬೇಸಿಗೆಯ ರಜೆಯಲ್ಲಿ, ಮನಾಲಿ ಬಳಿಯ 3,978 ಮೀಟರ್ ಎತ್ತರದ ರೋಹತಾಂಗ್ ಕಣಿವೆದಾರಿಯ ಆಸುಪಾಸಿನಲ್ಲಿ. ಅಲ್ಲಿ ಬಾಡಿಗೆಗೆ ಹಲಗೆ ಕೊಟ್ಟು ಸ್ವಲ್ಪ ಹೊತ್ತು ಕೈಹಿಡಿದು ಜಾರಿಸುವವರು ಸಿಗುತ್ತಾರಾದರೂ, ಬಿಸಿಲಿಗೆ ಕರಗಿ ನೀರೂರಿದ ಹಿಮದಲ್ಲಿ ಹಲಗೆ ಒಮ್ಮೆ ಅಂಟಿಕೊಂಡು ಒಮ್ಮೆ ಥಟ್ಟನೆ ಜಾರುವುದರಿಂದ, ಅಂಜುವವರಿಗೆ ಅದು ಪಾಠವಾಗುವ ಬದಲು ಬೆದರಿಕೆಯಾಗುತ್ತದೆ. ನಿಜವಾಗಿ ಕಲಿಯಬೇಕೆನ್ನುವವರು ಫೆಬ್ರುವರಿಯಲ್ಲಿ ಒಂದು ವಾರದ ಬಿಡುವು ಮಾಡಿಕೊಂಡು ಹೋಗುವುದೇ ಲೇಸು.

ಇಳಿಜಾರಿನ ಕಡಿದನ್ನು ಶೇಕಡಾ ಲೆಕ್ಕದಲ್ಲಿ ಹೇಳುವುದು ವಾಡಿಕೆ. ಅಡ್ಡಲಾಗಿ 100 ಮೀಟರ್ ಸಾಗುವಷ್ಟರಲ್ಲಿ ನೆಲ 10 ಮೀಟರ್ ಇಳಿದರೆ ಅದು ಶೇ. 10ರ ಇಳಿಜಾರು. ಇದನ್ನು ಕೋನದ ಡಿಗ್ರಿಯೊಂದಿಗೆ ಗೊಂದಲ ಮಾಡಿಕೊಳ್ಳಬಾರದು, ಏಕೆಂದರೆ ಶೇ. 25 ಎಂದರೆ ಸುಮಾರು 14 ಡಿಗ್ರಿ, ಶೇ. 40 ಎಂದರೆ ಸುಮಾರು 22 ಡಿಗ್ರಿ, ಶೇ. 100 ಎಂದರೆ 45 ಡಿಗ್ರಿ. ಹುಬ್ಬಳ್ಳಿಯವರಿಗೆ ಪರಿಚಯದ ಅಳತೆಗೋಲೊಂದು ಹತ್ತಿರದಲ್ಲೇ ಇದೆ. ಗೋವಾದ ಕಡೆ ಹೋಗುವ ರೈಲು ಕ್ಯಾಸಲ್‌ರಾಕ್ ದಾಟಿ ಕುಳೆಯವರೆಗೆ ಇಳಿಯುವ ಬ್ರಗಾಂಝಾ ಘಟ್ಟದಲ್ಲಿ ಹಳಿಯ ಇಳಿಜಾರು 37ಕ್ಕೆ 1, ಅಂದರೆ ಶೇ. 2.7. ಅಷ್ಟಕ್ಕೇ ಗಾಡಿಗೆ ಹೆಚ್ಚುವರಿ ಎಂಜಿನ್ ಜೋಡಿಸಬೇಕಾಗುತ್ತದೆ. ಆದರೆ ಅದೇ ಶೇ. 2.7ರ ಹಿಮದ ನೆಲದ ಮೇಲೆ ಸ್ಕೀ ಹಲಗೆ ತಾನಾಗಿ ಹೊರಡುವುದೇ ಇಲ್ಲ! ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿ ಉರುಳುವುದಕ್ಕೆ ತೀರ ಕಡಿಮೆ ತಡೆ ಇರುತ್ತದೆ. ಹಿಮದ ಮೇಲೆ ಹಲಗೆ ಜಾರುವಾಗ ಘರ್ಷಣೆಯ ಪ್ರಮಾಣ ಹಿಮದ ಗುಣಕ್ಕೆ ತಕ್ಕಂತೆ ಬದಲಾಗುತ್ತದಾದರೂ ಸುಮಾರು 0.05 ಎಂದು ಹಿಡಿಯಬಹುದು, ಅಂದರೆ ಶೇ. 5ರ ಇಳಿಜಾರಿನವರೆಗೆ ಭೂಮಿಯ ಸೆಳೆತವನ್ನು ಘರ್ಷಣೆಯೇ ನುಂಗಿಬಿಡುತ್ತದೆ.

ಈ ಒಂದು ಲೆಕ್ಕದಿಂದ ಮುಖ್ಯವಾದ ಎರಡು ಸಂಗತಿಗಳು ಹೊರಡುತ್ತವೆ. ಮೊದಲನೆಯದು, ಇಳಿಜಾರಿನ ಅಂಕಿ ಏರುವುದಕ್ಕಿಂತ ವೇಗ ಏರುವುದು ಜೋರು. ಶೇ. 10ರ ಇಳಿಜಾರಿನಲ್ಲಿ ಯಾವ ತಡೆಯೂ ಹಾಕದೆ ನೇರವಾಗಿ ಜಾರಿದರೆ ಐದು ಸೆಕೆಂಡಿನಲ್ಲಿ ವೇಗ ಗಂಟೆಗೆ ಸುಮಾರು 9 ಕಿಲೋಮೀಟರ್ ಆಗುತ್ತದೆ, ಅದು ಮೆಲ್ಲನೆ ಓಡುವವನ ವೇಗ, ಶೇ. 25ರಲ್ಲಿ ಅದೇ ಐದು ಸೆಕೆಂಡಿಗೆ ಗಂಟೆಗೆ ಸುಮಾರು 34 ಕಿಲೋಮೀಟರ್. ಇಳಿಜಾರು ಎರಡೂವರೆ ಪಟ್ಟು ಕಡಿದಾದರೆ ವೇಗ ನಾಲ್ಕು ಪಟ್ಟಿನಷ್ಟಾಗುತ್ತದೆ, ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುವ ಬೀಳುವಿಕೆಯ ಪೆಟ್ಟಿನ ಶಕ್ತಿ ಹದಿನೈದು ಪಟ್ಟಾಗುತ್ತದೆ. ‘ಇದು ಅದಕ್ಕಿಂತ ಸ್ವಲ್ಪವೇ ಕಡಿದು’ ಎಂದು ಹುರಿದುಂಬಿಸಿ ಹೊಸಬರನ್ನು ಮೇಲಕ್ಕೆ ಕರೆದೊಯ್ಯುವ ಗೆಳೆಯರು ಈ ಅಂಕಿಗಳನ್ನು ಒಮ್ಮೆ ನೋಡಬೇಕು.

ಎರಡನೆಯ ಸಂಗತಿ ಇನ್ನೂ ಮುಖ್ಯವಾದದ್ದು. ಶೇ. 5ಕ್ಕಿಂತ ಕಡಿಮೆ ಇಳಿಜಾರಿನಲ್ಲಿ ಹಲಗೆ ತಾನಾಗಿಯೇ ನಿಧಾನವಾಗುತ್ತದೆಯಾದ್ದರಿಂದ, ಇಳಿಜಾರು ಸುಲಭವೋ ಅಲ್ಲವೋ ಎಂಬುದನ್ನು ತೀರ್ಮಾನಿಸುವುದು ಅದರ ತುದಿಯಲ್ಲ, ಬುಡ. ಕೆಳಗಡೆ ಅಗಲವಾದ ಸಮತಟ್ಟಿದ್ದು, ಅದರಾಚೆಗೆ ನೆಲ ತುಸು ಏರುವಂತಿದ್ದರೆ, ನಿಲ್ಲುವುದನ್ನು ಇನ್ನೂ ಕಲಿಯದವರೂ ಅಲ್ಲಿ ನಿಲ್ಲುತ್ತಾರೆ. ಬುಡದಲ್ಲಿ ಬೇಲಿ, ರಸ್ತೆ, ಚಹಾ ಅಂಗಡಿ, ದೇವದಾರು ಮರಗಳ ಸಾಲು ಅಥವಾ ಹಳ್ಳ ಇದ್ದರೆ ಇಳಿಜಾರು ಎಷ್ಟೇ ಸೌಮ್ಯವಾಗಿದ್ದರೂ ಅದು ಮೊದಲ ದಿನಕ್ಕೆ ತಕ್ಕುದಲ್ಲ. ಅಂಜುವವರ ಮನಸ್ಸು ಕೇಳುವ ಪ್ರಶ್ನೆಯೂ ‘ಹೇಗೆ ಹೊರಡಲಿ’ ಎಂಬುದಲ್ಲ, ‘ಎಲ್ಲಿ ನಿಲ್ಲುತ್ತೇನೆ’ ಎಂಬುದು. ಆ ಪ್ರಶ್ನೆಗೆ ನೆಲವೇ ಉತ್ತರ ಕೊಡುವಂತಿರುವ ಜಾಗವನ್ನು ಹುಡುಕುವುದೇ ಈ ಆಯ್ಕೆಯ ತಿರುಳು, ಉಳಿದೆಲ್ಲವೂ ಅದರ ನಂತರದ್ದು.

ಅಂಜಿಕೆಯನ್ನು ಮನಸ್ಸಿನ ದೌರ್ಬಲ್ಯವೆಂದು ಬದಿಗೆ ಸರಿಸುವುದು ಸರಿಯಲ್ಲ, ಏಕೆಂದರೆ ಅದು ನೇರವಾಗಿ ದೇಹದ ಭಂಗಿಯನ್ನು ಕೆಡಿಸುತ್ತದೆ. ಹೆದರಿದ ಮನುಷ್ಯ ಸಹಜವಾಗಿ ಬೆಟ್ಟದ ಕಡೆಗೆ, ಅಂದರೆ ಹಿಂದಕ್ಕೆ ವಾಲುತ್ತಾನೆ. ಆಗ ಭಾರವೆಲ್ಲ ಹಲಗೆಯ ಹಿಂತುದಿಗೆ ಹೋಗಿ, ದಿಕ್ಕು ತಿರುಗಿಸಬೇಕಾದ ಮುಂತುದಿ ಹಿಮವನ್ನು ಕಚ್ಚದೆ ತೇಲಾಡುತ್ತದೆ, ಹಲಗೆ ಮಾತು ಕೇಳದೆ ಓಡುತ್ತದೆ, ಹೆದರಿಕೆ ಇಮ್ಮಡಿಯಾಗುತ್ತದೆ. ಹೊಸಬರಿಗೆ ಕಲಿಸುವ ಮೊದಲ ತಡೆಯಾದ ಸ್ನೋಪ್ಲೋ, ಅಂದರೆ ಹಲಗೆಗಳ ಮುಂತುದಿಗಳನ್ನು ಹತ್ತಿರ ತಂದು ಹಿಂತುದಿಗಳನ್ನು ಅಗಲಿಸಿ ಒಳ ಅಂಚುಗಳಿಂದ ಹಿಮವನ್ನು ಕೆರೆಯುವ ಭಂಗಿ, ಕೆಲಸ ಮಾಡಬೇಕಾದರೆ ಮೊಣಕಾಲು ಮಡಿಸಿ ಕಣಕಾಲನ್ನು ಬೂಟಿನ ಮುಂಭಾಗಕ್ಕೆ ಒತ್ತಬೇಕು. ಸೌಮ್ಯ ನೆಲದಲ್ಲಿ ಇದು ಹೊಸಬರಿಗೂ ಸಾಧ್ಯ; ಕಡಿದಾದಲ್ಲಿ ಅದೇ ಮನುಷ್ಯನಿಗೆ ಅದೇ ಭಂಗಿ ಸಾಧ್ಯವಾಗುವುದಿಲ್ಲ. ಧೈರ್ಯ ಬಂದ ಮೇಲೆ ಕಲಿಯುತ್ತೇವೆ ಎನ್ನುವುದಕ್ಕಿಂತ, ಭಂಗಿ ಕೆಡದ ನೆಲದಲ್ಲಿ ಕಲಿತರೆ ಧೈರ್ಯ ಬರುತ್ತದೆ ಎನ್ನುವುದು ಈ ಆಟದ ಅನುಭವ.

ಮೇಲೆ ನಿಂತು ಕೆಳಗೆ ನೋಡುವವರ ಕಣ್ಣು ಇಳಿಜಾರನ್ನು ಇದ್ದುದಕ್ಕಿಂತ ಕಡಿದಾಗಿ ಕಾಣುತ್ತದೆ, ಹೆದರಿದ ಕಣ್ಣು ಇನ್ನಷ್ಟು. ಆದ್ದರಿಂದ ಕಣ್ಣಳತೆಗಿಂತ ಕೋಲಳತೆ ಮೇಲು. ಸ್ಕೀ ಕೋಲನ್ನು ಇಳಿಜಾರಿನ ದಿಕ್ಕಿಗೆ ಹಿಮದ ಮೇಲೆ ಮಲಗಿಸಿ, ಅದರ ಮೇಲೆ ಮೊಬೈಲ್ ಇಟ್ಟು, ಅದರಲ್ಲಿನ ಮಟ್ಟ ನೋಡುವ ಆ್ಯಪ್ ತೋರಿಸುವ ಡಿಗ್ರಿಯನ್ನು ಓದಿದರೆ ಸಾಕು. ಮೊದಲ ದಿನಕ್ಕೆ 5–6 ಡಿಗ್ರಿ ದಾಟದ ನೆಲ ಒಳ್ಳೆಯದು. ಇಳಿಜಾರಿನ ದಿಕ್ಕು ಯಾವುದು ಎಂಬುದನ್ನೂ ತಿಳಿದಿರಬೇಕು. ಒಂದು ಜಾಗದಲ್ಲಿ ನೀರು ಸುರಿದರೆ ಅದು ಹರಿದು ಹೋಗುವ ದಾರಿಯನ್ನು ಫಾಲ್ ಲೈನ್ ಎನ್ನುತ್ತಾರೆ, ತಡೆಯಿಲ್ಲದ ಹಲಗೆ ತಿರುಗುವುದೂ ಆ ದಾರಿಗೇ. ಹೊಸಬರ ಇಳಿಜಾರಿನಲ್ಲಿ ಈ ದಾರಿ ನೇರವಾಗಿ ಬುಡದ ಸಮತಟ್ಟಿಗೆ ಇಳಿಯಬೇಕು. ನೆಲ ಒಂದು ಪಕ್ಕಕ್ಕೆ ವಾಲಿದ್ದರೆ ಹಲಗೆ ಬಯಸದ ಕಡೆಗೆ ಎಳೆಯುತ್ತಲೇ ಇರುತ್ತದೆ.

ಯುರೋಪಿನ ಸ್ಕೀ ತಾಣಗಳಲ್ಲಿ ಹಾದಿಗಳಿಗೆ ಬಣ್ಣದ ಗುರುತುಗಳಿವೆ. ನೀಲಿ ಸುಲಭ, ಕೆಂಪು ನಡುತರ, ಕಪ್ಪು ಕಠಿಣ. ಫ್ರಾನ್ಸ್ ಮೊದಲಾದ ಕೆಲವು ದೇಶಗಳಲ್ಲಿ ನೀಲಿಗಿಂತಲೂ ಸುಲಭವಾದ ಹಸಿರು ಉಂಟು. ಮಧ್ಯ ಯುರೋಪಿನ ರೂಢಿಯಲ್ಲಿ ನೀಲಿ ಹಾದಿ ಚಿಕ್ಕಪುಟ್ಟ ತುಣುಕುಗಳನ್ನು ಬಿಟ್ಟರೆ ಶೇ. 25ನ್ನೂ, ಕೆಂಪು ಶೇ. 40ನ್ನೂ ಮೀರಬಾರದು. ಅಮೆರಿಕದಲ್ಲಿ ಹಸಿರು ವೃತ್ತ, ನೀಲಿ ಚೌಕ, ಕಪ್ಪು ವಜ್ರಾಕೃತಿಗಳಿವೆಯಾದ್ದರಿಂದ, ಒಂದು ಖಂಡದ ನೀಲಿ ಇನ್ನೊಂದರ ನೀಲಿಯಲ್ಲ. ವಿದೇಶದಲ್ಲಿ ನೆಲೆಸಿದ ಮಕ್ಕಳನ್ನು ನೋಡಲು ಹೋಗಿ ಅಲ್ಲಿ ಮೊದಲ ಸಲ ಸ್ಕೀ ಕಟ್ಟುವ ಕನ್ನಡಿಗರು ಇದನ್ನು ಗಮನದಲ್ಲಿಡಬೇಕು. ಅಮೆರಿಕದಲ್ಲಿ ಬಣ್ಣವನ್ನು ಕೊಡುವುದು ಆಯಾ ತಾಣದ ಉಳಿದ ಹಾದಿಗಳೊಂದಿಗೆ ಹೋಲಿಸಿ ಎಂಬುದನ್ನೂ ಮರೆಯಬಾರದು.

ಭಾರತದ ಇಳಿಜಾರುಗಳಲ್ಲಿ ಇಂಥ ಬಣ್ಣಗಳ ಭರವಸೆಯ ಮೇಲೆ ಸಾಗುವಂತಿಲ್ಲ, ಯಂತ್ರದಿಂದ ಹಿಮವನ್ನು ಒತ್ತಿ ಹದಮಾಡಿದ ಹಾದಿಗಳೂ ಕಡಿಮೆ. ಆದ್ದರಿಂದ ತಾಣದ ಗುಣವನ್ನು ಮೊದಲೇ ತಿಳಿದಿರುವುದು ಅಗತ್ಯ. ಕಾಶ್ಮೀರದ ಗುಲ್ಮಾರ್ಗ ಸುಮಾರು 2,650 ಮೀಟರ್ ಎತ್ತರದ ಹುಲ್ಲುಗಾವಲು. ಬ್ರಿಟಿಷರು 1927ರಲ್ಲಿ ಅಲ್ಲಿ ಸ್ಕೀ ಕ್ಲಬ್ ಕಟ್ಟಿದ್ದರು. ಹಿಮದಡಿಯ ಗಾಲ್ಫ್ ಮೈದಾನದ ಸುತ್ತಲಿನ ತಗ್ಗು ದಿಬ್ಬಗಳು ಅಂಜುವವರಿಗಾಗಿಯೇ ಮಾಡಿಟ್ಟಂತಿದ್ದು, ಅಗಲ, ಸೌಮ್ಯತೆ, ಬುಡದ ಸಮತಟ್ಟು ಮೂರೂ ಅಲ್ಲಿ ಕೂಡಿ ಬರುತ್ತವೆ. ಅದೇ ಊರಿನ ಗೊಂಡೋಲಾ, ಅಂದರೆ ಹಗ್ಗದ ಮೇಲೆ ಸಾಗುವ ಡಬ್ಬಿಗಾಡಿ, ಮೊದಲ ಹಂತದಲ್ಲಿ 3,000 ಮೀಟರ್ ದಾಟಿದ ಕೊಂಗ್‌ಡೂರಿಗೂ, ಎರಡನೆಯ ಹಂತದಲ್ಲಿ 3,900 ಮೀಟರ್ ಮೀರಿದ ಅಫರ್ವತ್ ಬೆಟ್ಟದ ಹೆಗಲಿಗೂ ಒಯ್ಯುತ್ತದೆ. ಎರಡನೆಯ ಹಂತದ ಇಳಿಜಾರುಗಳು ಹದಮಾಡದ, ಹಿಮಕುಸಿತದ ಅಪಾಯವಿರುವ ಬೆಟ್ಟದ ಮೈಗಳು. 2023 ಮತ್ತು 2024ರ ಫೆಬ್ರುವರಿಗಳಲ್ಲಿ ಈ ಬೆಟ್ಟದ ಮಗ್ಗುಲಲ್ಲಿ ವಿದೇಶಿ ಸ್ಕೀಯರ್‌ಗಳೇ ಹಿಮಕುಸಿತಕ್ಕೆ ಸಿಕ್ಕಿ ಸತ್ತಿದ್ದಾರೆ. ಹೊಸಬರು ಅಲ್ಲಿಗೆ ನೋಟಕ್ಕಾಗಿ ಹೋಗಿ, ಹಲಗೆ ಕಟ್ಟದೆ, ಅದೇ ಡಬ್ಬಿಗಾಡಿಯಲ್ಲಿ ಮರಳಬೇಕು.

ಉತ್ತರಾಖಂಡದ ಔಲಿಯಲ್ಲಿ 2,500ರಿಂದ 3,050 ಮೀಟರ್‌ಗಳ ನಡುವೆ ಹಬ್ಬಿದ ಇಳಿಜಾರುಗಳಿವೆ; 2011ರಲ್ಲಿ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡೆಗಳು ನಡೆದ ಜಾಗವಿದು. ಗಢವಾಲ್ ಮಂಡಲ ವಿಕಾಸ ನಿಗಮ ಅಲ್ಲಿ ಹೊಸಬರಿಗೆ ಹಲವು ದಿನಗಳ ತರಬೇತಿ ನಡೆಸುತ್ತ ಬಂದಿದೆ. 2023ರ ಜನವರಿಯಲ್ಲಿ ಜೋಶಿಮಠದ ನೆಲ ಕುಸಿದಾಗ ಅಲ್ಲಿಂದ ಔಲಿಗೆ ಏರುತ್ತಿದ್ದ ರೋಪ್‌ವೇ ನಿಂತಿತು, ಆದ್ದರಿಂದ ಹೊರಡುವ ಮುನ್ನ ದಾರಿಯ ಸ್ಥಿತಿಯನ್ನು ವಿಚಾರಿಸಿಕೊಳ್ಳಬೇಕು. ಮನಾಲಿ ಬಳಿಯ ಸೋಲಂಗ್ ಕಣಿವೆಯ ಬುಡದ ಬಯಲು ಕಲಿಯಲು ಚೆಂದವಾಗಿದ್ದರೂ, ಕುದುರೆ, ಗಾಳಿತುಂಬಿದ ಟ್ಯೂಬು, ಹಿಮದ ಸ್ಕೂಟರು, ಫೋಟೋ ತೆಗೆಸಿಕೊಳ್ಳುವ ಗುಂಪುಗಳು ಒಂದೇ ನೆಲದಲ್ಲಿ ಬೆರೆಯುವುದರಿಂದ, ಅಲ್ಲಿ ಅಡ್ಡಿಯಾಗುವುದು ಇಳಿಜಾರಲ್ಲ, ಜನಜಂಗುಳಿ. ಮನಾಲಿಯ ಪರ್ವತಾರೋಹಣ ಸಂಸ್ಥೆ ನಡೆಸುವ ಸ್ಕೀ ಶಿಬಿರಕ್ಕೆ ಸೇರಿದರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ.

ಜಂಗುಳಿಯ ವಿಚಾರದಲ್ಲಿ ಅಂತರರಾಷ್ಟ್ರೀಯ ಸ್ಕೀ ಒಕ್ಕೂಟ ಹತ್ತು ನಡಾವಳಿ ನಿಯಮಗಳನ್ನು ರೂಪಿಸಿದೆ. ಅವುಗಳ ಪ್ರಕಾರ ಮೇಲಿನಿಂದ ಬರುವವರು ಕೆಳಗಿರುವವರನ್ನು ತಪ್ಪಿಸಿ ಸಾಗಬೇಕು, ಇಕ್ಕಟ್ಟಾದ ಅಥವಾ ಮೇಲಿನವರಿಗೆ ಕಾಣದ ಜಾಗದಲ್ಲಿ ಯಾರೂ ನಿಲ್ಲಬಾರದು. ಬಿದ್ದವರು ಕೂಡಲೇ ಪಕ್ಕಕ್ಕೆ ಸರಿಯಬೇಕು. ಹೀಗೆ ಸರಿಯಲು ಎಡೆ ಇರುವಷ್ಟು ಅಗಲದ ಇಳಿಜಾರು ಬೇಕೆಂಬುದು ಇದರಿಂದಲೇ ಗೊತ್ತಾಗುತ್ತದೆ. ಕಾಡಿನ ನಡುವಿನ ಕಿರಿದಾದ ಹಾದಿ ಶೇ. 8ರದ್ದಾಗಿದ್ದರೂ, ತಿರುಗಲು ಜಾಗವಿಲ್ಲದೆ ವೇಗ ಕೂಡುತ್ತ ಹೋಗುವ ಕಾರಣ, ಶೇ. 12ರ ತೆರೆದ ಬಯಲಿಗಿಂತ ಹೆಚ್ಚು ಹೆದರಿಸುತ್ತದೆ.

ಒಂದೇ ಇಳಿಜಾರು ಹೊತ್ತಿಗೊಂದು ಬಗೆಯಾಗುತ್ತದೆ ಎಂಬುದು ಹಿಮ ಕಾಣದ ನಾಡಿನವರಿಗೆ ಬೇಗ ಹೊಳೆಯುವುದಿಲ್ಲ. ಹಗಲು ಕರಗಿ ರಾತ್ರಿ ಹೆಪ್ಪುಗಟ್ಟಿದ ಹಿಮ ಬೆಳಗಿನ ಜಾವದಲ್ಲಿ ಗಾಜಿನಷ್ಟು ಗಟ್ಟಿಯಾಗಿದ್ದು ಹಲಗೆಯ ಅಂಚಿಗೆ ಹಿಡಿತ ಕೊಡುವುದಿಲ್ಲ. ಹತ್ತು ಗಂಟೆಯ ಹೊತ್ತಿಗೆ ಮೇಲ್ಪದರ ತುಸು ಮೆದುವಾದಾಗ ಅದೇ ನೆಲ ಪಳಗಿದಂತಿರುತ್ತದೆ. ಮಧ್ಯಾಹ್ನದ ನಂತರ ನೀರೂರಿ ಭಾರವಾಗಿ, ಹಲಗೆ ಸಿಕ್ಕಿಕೊಂಡು ಮೊಣಕಾಲು ತಿರುಚುವ ಸಂಭವ ಹೆಚ್ಚುತ್ತದೆ. ಬಿಸಿಲು ಕಡಿಮೆ ಬೀಳುವ ಉತ್ತರದ ಮೈಯಲ್ಲಿ ಹಿಮ ಹೆಚ್ಚು ಹೊತ್ತು ಒಂದೇ ಹದದಲ್ಲಿರುತ್ತದೆ. ಮಂಜು ಕವಿದು ನೆಲ ಆಕಾಶಗಳೆರಡೂ ಬೆಳ್ಳಗೆ ಒಂದಾದ ದಿನ ಉಬ್ಬುತಗ್ಗು ಕಾಣದಾದ್ದರಿಂದ ಅಂಥ ದಿನ ಬಿಡುವು ತೆಗೆದುಕೊಳ್ಳುವುದು ಉತ್ತಮ.

ಹುಬ್ಬಳ್ಳಿ ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಎರಡು ಸಾವಿರ ಮೀಟರ್ ಮೇಲೇರಿದವರಿಗೆ ಗಾಳಿಯ ತೆಳುವಿನಿಂದ ಮೊದಲೆರಡು ದಿನ ತಲೆನೋವು, ಏದುಸಿರು ಕಾಡಬಹುದು. ಎದೆ ಡವಗುಟ್ಟುವುದೆಲ್ಲವೂ ಅಂಜಿಕೆಯಲ್ಲ. ಆದ್ದರಿಂದ ತಲುಪಿದ ದಿನ ಹಲಗೆಯನ್ನೇ ಕಟ್ಟದೆ ಅಡ್ಡಾಡಿ, ಮರುದಿನ ಮೇಲಕ್ಕೆ ಒಯ್ಯುವ ಲಿಫ್ಟ್ ಹತ್ತದೆ, ಇಳಿಜಾರಿಗೆ ಅಡ್ಡವಾಗಿ ನಿಂತು ಒಂದೊಂದೇ ಹಲಗೆಯನ್ನು ಮೇಲಿಡುವ ಅಡ್ಡಹೆಜ್ಜೆಯಲ್ಲಿ ಏರಿ, ಏರಿದಷ್ಟೇ ಇಳಿಯುವ ಕ್ರಮ ಒಳ್ಳೆಯದು. ತನ್ನ ಕಾಲಿನಿಂದ ಏರಿದ ನೆಲದ ಉಬ್ಬುತಗ್ಗು ಮನುಷ್ಯನಿಗೆ ಗೊತ್ತಿರುತ್ತದೆ, ಬೇಡವೆನಿಸಿದಲ್ಲಿ ಅರ್ಧದಲ್ಲೇ ನಿಲ್ಲುವ ಸ್ವಾತಂತ್ರ್ಯವೂ ಇರುತ್ತದೆ. ಲಿಫ್ಟ್ ಮಾತ್ರ ಎಲ್ಲರನ್ನೂ ತುದಿಗೇ ಇಳಿಸುತ್ತದೆ. ಇಳಿಜಾರಿನ ಯೋಚನೆಯೇ ಭಾರವೆನಿಸುವವರಿಗೆ ನಾರ್ಡಿಕ್ ಹಲಗೆಗಳಲ್ಲಿ ಸಮತಟ್ಟಿನ ಮೇಲೆ ನಡೆದು ಜಾರುವುದರಿಂದ ಆರಂಭಿಸುವ ದಾರಿಯೂ ತೆರೆದಿದೆ, ಅದನ್ನು ಕೀಳೆಂದು ಬಗೆಯಲು ಕಾರಣವೇ ಇಲ್ಲ.

ಮುಂದಿನ ಇಳಿಜಾರಿಗೆ ಹೋಗುವ ಹೊತ್ತು ಬಂದಿದೆಯೇ ಎಂಬುದನ್ನು ಅರಿಯಲು, ಈಗಿನ ಇಳಿಜಾರಿನ ನಡುವೆ ಶಿಕ್ಷಕರು ತೋರಿಸಿದ ಗುರುತಿನ ಬಳಿ ಎಡಕ್ಕೂ ಬಲಕ್ಕೂ ತಿರುಗಿ, ಬುಡದ ಸಮತಟ್ಟಿನ ನೆರವಿಲ್ಲದೆ ನಿಲ್ಲಲು ಆಗುತ್ತದೆಯೇ ಎಂದು ನೋಡಬೇಕು. ಒಂದು ಕಡೆಗೆ ಮಾತ್ರ ತಿರುಗಬಲ್ಲವರು ಇನ್ನೊಂದು ದಿನ ಅಲ್ಲೇ ಉಳಿಯಬೇಕು. ಹೊಸ ಇಳಿಜಾರನ್ನು ಬೆಳಗಿನ ಹತ್ತರ ಹೊತ್ತಿಗೆ, ಕಾಲುಗಳು ದಣಿಯುವ ಮೊದಲು ಪ್ರಯತ್ನಿಸಿ, ಮಧ್ಯಾಹ್ನ ಹಳೆಯ ಇಳಿಜಾರಿಗೆ ಮರಳಿ, ತೊಡೆ ನಡುಗತೊಡಗಿದಾಗ ‘ಇನ್ನೊಂದೇ ಸಲ’ ಎನ್ನದೆ ಹಲಗೆ ಬಿಚ್ಚಬೇಕು.