ಮರೆತ ಪಿಯಾನೊ ಕೃತಿಗಳು ಮುದ್ರಿಕೆಯಲ್ಲಿ ಮರಳಿದ ಕತೆ

1947ರಲ್ಲಿ 67 ವರ್ಷದ ರಷ್ಯನ್ ಸಂಗೀತಗಾರರೊಬ್ಬರು ಲಂಡನ್ನಿನ ಧ್ವನಿಮುದ್ರಣ ಕೊಠಡಿಯಲ್ಲಿ ಪಿಯಾನೊ ಮುಂದೆ ಕುಳಿತರು. ಅವರನ್ನು ಹೃದಯದ ಕಾಯಿಲೆ ಕಾಡುತ್ತಿತ್ತು. ಅವರ ಸಂಗೀತವನ್ನು ಬಯಸಿ ಕೇಳುವವರು ಕೆಲವರೇ. ಕಾಲ ಬದಲಾಗಿದೆ, ಇದೆಲ್ಲ ಹಳೆಯ ಶೈಲಿ ಎಂಬುದು ಬಹುಪಾಲು ಸಂಗೀತ ವಲಯದ ಅಭಿಪ್ರಾಯವಾಗಿತ್ತು. ಆದರೂ ಅವರು ರಚಿಸಿದ ಮೂರು ಪಿಯಾನೊ ಕನ್ಸರ್ಟೊಗಳು, ಫಿಲಾರ್ಮೋನಿಯಾ ವಾದ್ಯವೃಂದದ ಜತೆಯಲ್ಲಿ, ಅವರದೇ ಬೆರಳುಗಳಿಂದ ಗ್ರಾಮಫೋನ್ ತಟ್ಟೆಗೆ ಇಳಿದವು. ಆ ಸಂಗೀತಗಾರ ನಿಕೊಲಾಯ್ ಮೆಟ್ನರ್. ಬೆನ್ನಿಗೆ ನಿಂತು ನೆರವು ಕೊಟ್ಟವರು ಮೈಸೂರಿನ ಮಹಾರಾಜ ಜಯಚಾಮರಾಜ ಒಡೆಯರ್.

ಕಚೇರಿಗಳಲ್ಲಿ ಯಾರೂ ನುಡಿಸದ ಸಂಗೀತವನ್ನು ಹಣ ಸುರಿದು ಮುದ್ರಿಸಿಡುವುದರಿಂದ ಪ್ರಯೋಜನವೇನು? ಈ ಪ್ರಶ್ನೆಗೆ ಸರಿಯಾದ ಉತ್ತರ ಸಿಗಲು ನಾಲ್ಕು ದಶಕಗಳೇ ಬೇಕಾದವು. ಮೆಟ್ನರ್ ಒಬ್ಬರದಷ್ಟೇ ಅಲ್ಲ, 19ನೇ ಶತಮಾನದ ಡಜನ್‌ಗಟ್ಟಲೆ ರಚನಕಾರರ ಕತೆ ಇದರೊಂದಿಗೆ ಬೆಸೆದುಕೊಂಡಿದೆ.

ಏನಿದು ಕನ್ಸರ್ಟೊ?

ಒಬ್ಬ ಮುಖ್ಯ ವಾದಕನಿಗೂ ಇಡೀ ವಾದ್ಯವೃಂದಕ್ಕೂ ನಡುವೆ ನಡೆಯುವ ಸಂವಾದವೇ ಕನ್ಸರ್ಟೊ. ಸಾಮಾನ್ಯವಾಗಿ ಅದಕ್ಕೆ ಮೂರು ಭಾಗಗಳು: ಮೊದಲನೆಯದು ಚುರುಕು, ನಡುವಿನದು ವಿಳಂಬ, ಕೊನೆಯದು ಮತ್ತೆ ಚುರುಕು. ನಮ್ಮ ಕಚೇರಿಯಲ್ಲಿ ಪಕ್ಕವಾದ್ಯದವರು ಗಾಯಕರನ್ನು ಅನುಸರಿಸಿ ನಡೆಯುತ್ತಾರೆ. ಕನ್ಸರ್ಟೊದಲ್ಲಿ ವಾದ್ಯವೃಂದ ಅನುಸರಿಸುವುದೂ ಉಂಟು, ಎದುರು ನಿಂತು ವಾದಕ್ಕಿಳಿಯುವುದೂ ಉಂಟು. ಹೆಚ್ಚುಕಡಿಮೆ ಪ್ರತಿ ಸ್ವರವೂ ಮೊದಲೇ ಕಾಗದದ ಮೇಲೆ ಬರೆದಿಟ್ಟದ್ದು.

ಈ ಬರವಣಿಗೆಯೇ ಅದರ ಬಲ. ಒಂದು ರೀತಿಯಲ್ಲಿ ದೌರ್ಬಲ್ಯವೂ ಹೌದು. ಕಾಗದ ಕಪಾಟಿನಲ್ಲಿ ನೂರು ವರ್ಷ ಉಳಿಯಬಹುದು. ಆದರೆ ಅದನ್ನು ನಾದವಾಗಿಸಲು ಒಬ್ಬ ನುರಿತ ಪಿಯಾನೊ ವಾದಕ, ಐವತ್ತು ಅರವತ್ತು ಮಂದಿಯ ವಾದ್ಯವೃಂದ, ಒಬ್ಬ ನಿರ್ದೇಶಕ, ಹಲವು ಗಂಟೆಗಳ ತಾಲೀಮು ಬೇಕು. ಇಷ್ಟನ್ನು ಒಟ್ಟುಗೂಡಿಸುವವರು ಇಲ್ಲದೆ ಹೋದರೆ ಕೃತಿ ಇದ್ದೂ ಇಲ್ಲದಂತೆ.

ಮರೆವಿಗೆ ಸರಿದದ್ದು ಹೇಗೆ?

19ನೇ ಶತಮಾನದ ಯುರೋಪಿನಲ್ಲಿ ಹೆಸರಾಂತ ಪಿಯಾನೊ ವಾದಕರು ತಾವು ನುಡಿಸುವ ಕೃತಿಗಳನ್ನು ತಾವೇ ಬರೆದುಕೊಳ್ಳುತ್ತಿದ್ದರು. ಹೊಸ ಊರಿಗೆ ಹೋದಾಗ ತಮ್ಮ ಕೈಚಳಕ ತೋರಿಸಲು ಸ್ವಂತದ ಒಂದು ಕನ್ಸರ್ಟೊ ಬೇಕೇಬೇಕಿತ್ತು. ಹೆನ್ಸೆಲ್ಟ್, ಲಿಟೋಲ್ಫ್, ಶಾರ್ವೆಂಕ, ಮೊಶ್ಕೋವ್‌ಸ್ಕಿ ಇವರೆಲ್ಲ ಆ ಕಾಲದ ದೊಡ್ಡ ಹೆಸರುಗಳು. ಬರೆದವರು ವೇದಿಕೆ ಬಿಟ್ಟ ಮೇಲೆ ಅವರ ಕೃತಿಗಳನ್ನು ನುಡಿಸುವವರು ಕಡಿಮೆಯಾದರು. ಮೊದಲ ಮಹಾಯುದ್ಧದ ನಂತರ ಅಭಿರುಚಿಯೂ ಬದಲಾಯಿತು. ಭಾವಾವೇಶದ, ಅಲಂಕಾರದ ಸಂಗೀತ ಹಳಸಲು ಎನ್ನಿಸಿತು. ಮೊಶ್ಕೋವ್‌ಸ್ಕಿ ಒಂದು ಕಾಲಕ್ಕೆ ಶ್ರೀಮಂತರಾಗಿದ್ದವರು; 1925ರಲ್ಲಿ ಪ್ಯಾರಿಸಿನಲ್ಲಿ ಬಡತನದಲ್ಲಿ ತೀರಿಕೊಂಡರು.

ಕಚೇರಿ ಏರ್ಪಡಿಸುವವರ ಲೆಕ್ಕಾಚಾರವೂ ಇದಕ್ಕೆ ಸೇರಿಕೊಂಡಿತು. ಚೈಕೋವ್‌ಸ್ಕಿ, ಗ್ರೀಗ್, ಶೂಮನ್, ರಾಖ್ಮನಿನಾಫ್ ಎಂದರೆ ಸಭಾಂಗಣ ತುಂಬುತ್ತದೆ, ವಾದ್ಯವೃಂದಕ್ಕೂ ಹೆಚ್ಚು ತಾಲೀಮು ಬೇಡ. ಗೊತ್ತಿಲ್ಲದ ಹೆಸರಿಗೆ ಟಿಕೆಟ್ ಕೊಳ್ಳುವವರು ಯಾರು? ಹೀಗೆ ಕೆಲವೇ ಕೆಲವು ಕೃತಿಗಳು ಮತ್ತೆ ಮತ್ತೆ ಕೇಳಿಬಂದವು, ಉಳಿದವು ಕಪಾಟು ಸೇರಿದವು. ಕೇಳದ್ದರಿಂದ ಮರೆತರು, ಮರೆತದ್ದರಿಂದ ಕೇಳಲಿಲ್ಲ.

ಮೈಸೂರಿನ ನೆರವು

ಮೆಟ್ನರ್ 1880ರಲ್ಲಿ ಮಾಸ್ಕೋದಲ್ಲಿ ಹುಟ್ಟಿದವರು. ರಾಖ್ಮನಿನಾಫ್ ಅವರ ಆಪ್ತ ಗೆಳೆಯರು. ರಾಖ್ಮನಿನಾಫ್ ತಮ್ಮ ನಾಲ್ಕನೆಯ ಕನ್ಸರ್ಟೊವನ್ನು ಮೆಟ್ನರ್‌ಗೆ ಅರ್ಪಿಸಿದರೆ, ಮೆಟ್ನರ್ ತಮ್ಮ ಎರಡನೆಯದನ್ನು ಗೆಳೆಯನಿಗೆ ಅರ್ಪಿಸಿದರು. ಕ್ರಾಂತಿಯ ನಂತರ, 1921ರಲ್ಲಿ, ರಷ್ಯಾ ಬಿಟ್ಟ ಮೆಟ್ನರ್ ಜರ್ಮನಿ, ಫ್ರಾನ್ಸ್ ಸುತ್ತಿ 1930ರ ದಶಕದ ಮಧ್ಯದಲ್ಲಿ ಲಂಡನ್ನಿನಲ್ಲಿ ನೆಲೆಸಿದರು. ಆದರೆ ಗೆಳೆಯನಿಗೆ ಸಿಕ್ಕ ಖ್ಯಾತಿ ಅವರಿಗೆ ಸಿಗಲಿಲ್ಲ.

ಜಯಚಾಮರಾಜ ಒಡೆಯರ್ 94 ಕೃತಿಗಳನ್ನು ರಚಿಸಿದ ವಾಗ್ಗೇಯಕಾರರೆಂಬುದು ಕರ್ನಾಟಕ ಸಂಗೀತ ಬಲ್ಲವರಿಗೆ ಗೊತ್ತು. ಅವರು ಪಾಶ್ಚಾತ್ಯ ಪಿಯಾನೊವನ್ನೂ ಶ್ರದ್ಧೆಯಿಂದ ಕಲಿತಿದ್ದರೆಂಬುದು ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. 1948ರಲ್ಲಿ ಅವರು ಲಂಡನ್ನಿನ ಫಿಲಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದರು. ಮೆಟ್ನರ್ ಕೃತಿಗಳನ್ನು ಮುದ್ರಿಸಲೆಂದೇ ಮೆಟ್ನರ್ ಸೊಸೈಟಿ ಹುಟ್ಟಿದ್ದು ಅವರ ನೆರವಿನಿಂದ. ಮುದ್ರಿಕೆಗಳು ಎಚ್.ಎಂ.ವಿ. ಹೆಸರಿನಲ್ಲಿ ಹೊರಬಂದವು.

ಅಂದಿನ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದದ್ದು ನಾಲ್ಕೈದು ನಿಮಿಷದ ಸಂಗೀತ. ಅರ್ಧ ಗಂಟೆಯ ಕನ್ಸರ್ಟೊ ಎಂದರೆ ನಾಲ್ಕೈದು ತಟ್ಟೆಗಳ ಕಟ್ಟು. ಅಷ್ಟು ಖರ್ಚನ್ನು ಮಾರಾಟದ ಭರವಸೆಯಿಲ್ಲದ ಸಂಗೀತಕ್ಕೆ ಮಾಡಲು ಯಾವ ಕಂಪನಿ ತಾನೇ ಮುಂದೆ ಬಂದೀತು? ಮೆಟ್ನರ್ ಕೃತಜ್ಞತೆಯಿಂದ ತಮ್ಮ ಮೂರನೆಯ ಕನ್ಸರ್ಟೊವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದರು. ಯುದ್ಧದ ನಡುವೆ, 1943ರಲ್ಲಿ, ಬರೆದು ಮುಗಿಸಿದ ಕೃತಿ ಅದು. 1951ರಲ್ಲಿ ಮೆಟ್ನರ್ ತೀರಿಕೊಂಡರು. ರಚನಕಾರನೇ ನುಡಿಸಿದ ಮಾದರಿ ಮಾತ್ರ ಉಳಿಯಿತು.

ಎಲ್.ಪಿ.ಯಿಂದ ಸಿ.ಡಿ.ಗೆ

1948ರಲ್ಲಿ ಬಂದ ಎಲ್.ಪಿ. ತಟ್ಟೆಯ ಒಂದು ಮಗ್ಗುಲಿಗೆ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಹಿಡಿಯಿತು. ಖರ್ಚು ಇಳಿಯಿತು, ಸಾಹಸಕ್ಕೆ ಅವಕಾಶವಾಯಿತು. 1960 ಮತ್ತು 70ರ ದಶಕಗಳಲ್ಲಿ ಅಮೆರಿಕದ ವಾದಕ ಮೈಕೆಲ್ ಪಾಂಟಿ, ವಾಕ್ಸ್ ಕಂಪನಿಗಾಗಿ, ಜನ ಹೆಸರೇ ಕೇಳಿರದ ಕನ್ಸರ್ಟೊಗಳನ್ನು ಒಂದರ ಹಿಂದೊಂದು ನುಡಿಸಿದರು. ತಾಲೀಮು ಸಾಲದು, ಧ್ವನಿ ಒರಟು ಎಂಬ ದೂರುಗಳಿದ್ದವು. ಆದರೂ ಹಲವು ಕೃತಿಗಳು ಕೇಳಲು ಸಿಕ್ಕಿದ್ದೇ ಅವರಿಂದ.

ಅರ್ಲ್ ವೈಲ್ಡ್ ಅವರದು ಇನ್ನೊಂದು ಬಗೆ. ಅವರ ಗುರು ಸೆಲ್ಮಾರ್ ಜಾನ್ಸನ್ ಸ್ವತಃ ಶಾರ್ವೆಂಕರ ಶಿಷ್ಯ. ಹೀಗಾಗಿ ಶಾರ್ವೆಂಕರ ಮೊದಲ ಕನ್ಸರ್ಟೊ ವೈಲ್ಡ್‌ಗೆ ಎಳೆಯ ವಯಸ್ಸಿನಲ್ಲೇ ಪಾಠವಾಗಿತ್ತು. ನುಡಿಸಲು ಕರೆಯುವವರು ಮಾತ್ರ ಇರಲಿಲ್ಲ. 1969ರಲ್ಲಿ ಬಾಸ್ಟನ್ ವಾದ್ಯವೃಂದದೊಡನೆ ಮುದ್ರಿಸಲು ಕರೆ ಬಂದಾಗ, ಈ ಕರೆಗಾಗಿ ನಲವತ್ತು ವರ್ಷ ಕಾದಿದ್ದೇನೆ ಎಂದು ಅವರು ತಮಾಷೆ ಮಾಡಿದ್ದು ಪಿಯಾನೊ ವಲಯದಲ್ಲಿ ಪ್ರಸಿದ್ಧ.

ಎಪ್ಪತ್ತು ನಿಮಿಷಕ್ಕೂ ಹೆಚ್ಚು ಹಿಡಿಯುವ ಸಿ.ಡಿ. ಬಂದ ಮೇಲೆ ಎರಡು ಕನ್ಸರ್ಟೊಗಳನ್ನು ಒಂದೇ ತಟ್ಟೆಯಲ್ಲಿ ಕೊಡಬಹುದಾಯಿತು. ಲಂಡನ್ನಿನ ಹೈಪೀರಿಯನ್ ಎಂಬ ಸಣ್ಣ ಕಂಪನಿ ಇದನ್ನು ಚೆನ್ನಾಗಿ ಬಳಸಿಕೊಂಡಿತು. 1980ರಲ್ಲಿ ಅದನ್ನು ಕಟ್ಟಿದ ಟೆಡ್ ಪೆರಿ, ಬಂಡವಾಳ ಸಾಲದೆ ಬಾಡಿಗೆ ಟ್ಯಾಕ್ಸಿ ಓಡಿಸಿದವರು. 1991ರಲ್ಲಿ ಕಂಪನಿ ‘ರೊಮ್ಯಾಂಟಿಕ್ ಪಿಯಾನೊ ಕನ್ಸರ್ಟೊ’ ಮಾಲಿಕೆ ಆರಂಭಿಸಿತು. ಮೊದಲ ಸಂಪುಟ ಮೊಶ್ಕೋವ್‌ಸ್ಕಿ ಮತ್ತು ಪಡೆರೆವ್‌ಸ್ಕಿ ಅವರದು. ಎರಡನೆಯ ಸಂಪುಟದಲ್ಲಿ ನಿಕೊಲಾಯ್ ಡೆಮಿಡೆಂಕೊ ನುಡಿಸಿದ್ದು ಮೆಟ್ನರ್ ಅವರ ಎರಡನೆಯ ಮತ್ತು ಮೂರನೆಯ ಕನ್ಸರ್ಟೊ. ಮೈಸೂರಿಗೆ ಅರ್ಪಿತವಾದ ಕೃತಿ ಹೀಗೆ ಹೊಸ ಕೇಳುಗರನ್ನು ಕಂಡಿತು.

11ನೇ ಸಂಪುಟದಲ್ಲಿ ಸ್ಟೀಫನ್ ಹಫ್ ನುಡಿಸಿದ ಶಾರ್ವೆಂಕ ಮತ್ತು ಸೌವರ್ ಕೃತಿಗಳಿಗೆ ‘ಗ್ರಾಮಫೋನ್’ ಪತ್ರಿಕೆಯ 1996ರ ವರ್ಷದ ಮುದ್ರಿಕೆ ಎಂಬ ಗೌರವ ದೊರೆಯಿತು. ಮಾಲಿಕೆ 80 ಸಂಪುಟಗಳನ್ನೂ ದಾಟಿತು. ಮೊಶ್ಕೋವ್‌ಸ್ಕಿ ತಾರುಣ್ಯದಲ್ಲಿ ಬರೆದಿದ್ದ ಇನ್ನೊಂದು ಕನ್ಸರ್ಟೊದ ಹಸ್ತಪ್ರತಿ ಪ್ಯಾರಿಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಸಿಕ್ಕಿತು. 2016ರಲ್ಲಿ ಅದೂ ಇದೇ ಮಾಲಿಕೆಯಲ್ಲಿ ಬಂತು.

ಎಲ್ಲವೂ ಮುತ್ತುಗಳೇ?

ಖಂಡಿತ ಅಲ್ಲ. ಆಂರಿ ಹೆರ್ಟ್ಸ್ ಅಂಥವರ ಕನ್ಸರ್ಟೊಗಳಲ್ಲಿ ಪಿಯಾನೊ ಕುಣಿಯುತ್ತಿದ್ದರೆ ವಾದ್ಯವೃಂದ ಬಹುಹೊತ್ತು ತಂಬೂರಿಯಂತೆ ಹಿಂದೆ ಕುಳಿತಿರುತ್ತದೆ. ರಾಬರ್ಟ್ ಶೂಮನ್ ಆ ಕಾಲದಲ್ಲೇ ಇಂಥ ಕೈಚಳಕದ ಸಂಗೀತವನ್ನು ಟೀಕಿಸಿದ್ದರು.

ಆದರೆ ಕೆಲವು ಕೃತಿಗಳು ಚರಿತ್ರೆಯನ್ನೇ ಬೇರೆಯಾಗಿ ತೋರಿಸುತ್ತವೆ. ಲಿಸ್ಟ್ ತಮ್ಮ ಮೊದಲ ಕನ್ಸರ್ಟೊವನ್ನು ಅರ್ಪಿಸಿದ್ದು ಲಿಟೋಲ್ಫ್‌ಗೆ. ಏಕೆಂಬುದು ಲಿಟೋಲ್ಫ್ ಕೇಳಿದವರಿಗೆ ಅರ್ಥವಾಗುತ್ತದೆ. ಮುಂದೆ ಶೂಮನ್‌ರ ಪತ್ನಿಯಾದ ಕ್ಲಾರಾ, 1835ರಲ್ಲಿ, 16ನೇ ವಯಸ್ಸಿನಲ್ಲಿ, ಲೈಪ್‌ಜಿಗ್‌ನಲ್ಲಿ ಮೆಂಡೆಲ್ಸನ್ ನಿರ್ದೇಶನದಲ್ಲಿ ತಮ್ಮದೇ ಕನ್ಸರ್ಟೊ ನುಡಿಸಿದರು. ಅದರ ವಿಳಂಬ ಭಾಗದಲ್ಲಿ ಇಡೀ ವಾದ್ಯವೃಂದ ಸುಮ್ಮನಾಗುತ್ತದೆ; ಪಿಯಾನೊ ಜತೆಗೆ ಒಂಟಿ ಚೆಲ್ಲೊ ಮಾತಾಡುತ್ತದೆ. ಬ್ರಾಮ್ಸ್ ತಮ್ಮ ಎರಡನೆಯ ಕನ್ಸರ್ಟೊದ ವಿಳಂಬ ಭಾಗವನ್ನು ಒಂಟಿ ಚೆಲ್ಲೊದಿಂದ ಆರಂಭಿಸಿದ್ದು 1881ರಲ್ಲಿ. ಹುಡುಗಿಯೊಬ್ಬಳ ಕೃತಿ ಎಂದು ಬಹುಕಾಲ ಬದಿಗಿಟ್ಟದ್ದನ್ನು ಕೇಳದೆ ಈ ಸಾಮ್ಯ ಕಾಣುವುದಾದರೂ ಹೇಗೆ?

ಮರೆತದ್ದೆಲ್ಲ ಶ್ರೇಷ್ಠ ಎನ್ನುವುದು ತಪ್ಪು. ಮರೆತದ್ದರಿಂದಲೇ ಅದು ಕಳಪೆ ಎನ್ನುವುದೂ ಅಷ್ಟೇ ತಪ್ಪು. ತೀರ್ಪಿಗೆ ಮೊದಲು ಒಮ್ಮೆ ಕೇಳಬೇಕು. ಆ ಅವಕಾಶವನ್ನು ಕೊಟ್ಟದ್ದು ಮುದ್ರಿಕೆಗಳು. ಸಭಾಂಗಣಗಳು ಇಂದಿಗೂ ಹಳೆಯ ಪಟ್ಟಿಯನ್ನೇ ನೆಚ್ಚಿಕೊಂಡಿವೆ. ಮೆಟ್ನರ್ ಕನ್ಸರ್ಟೊ ವೇದಿಕೆಯಲ್ಲಿ ಕೇಳಸಿಗುವುದು ಅಪರೂಪ. ಆದರೆ ಹೈಪೀರಿಯನ್ ಮುದ್ರಿಕೆಗಳು 2023ರಿಂದ ಅಂತರ್ಜಾಲದಲ್ಲಿ ಕೇಳಲು ಸಿಗುತ್ತಿವೆ. ಮಹಾರಾಜರಿಗೆ ಸಂದ ಆ ಮೂರನೆಯ ಕನ್ಸರ್ಟೊ ಈಗ ಮೈಸೂರಿನ ಯಾವ ಮನೆಯಲ್ಲಾದರೂ ಮೊಳಗಬಹುದು. ಕೇಳುವ ಕಿವಿಯಷ್ಟೇ ಬೇಕು.