ಊರಿನ ಹೆಸರಿನಲ್ಲಿ ನಗಿಸಿದವನು

ಊರಿನ ಹೆಸರನ್ನು ತನ್ನ ಹೆಸರಿನೊಡನೆ ಹೊತ್ತು ಪರಸ್ಥಳದಲ್ಲಿ ದುಡಿಯುವುದು ನಮ್ಮವರಿಗೆ ಹೊಸತಲ್ಲ. ಬರ್ಲಿನಿನ ವ್ಯಂಗ್ಯಚಿತ್ರಕಾರ ಎರಿಕ್ ಓಸರನಿಗಾದರೋ ಊರಿನ ಹೆಸರೇ ಆಶ್ರಯವಾಯಿತು.

ಹಿಟ್ಲರ್, ಗೊಬೆಲ್ಸರನ್ನು ಗೇಲಿಮಾಡಿ ಚಿತ್ರ ಬರೆದಿದ್ದ ಆತನಿಗೆ, 1933ರಲ್ಲಿ ನಾಜಿಗಳು ಅಧಿಕಾರಕ್ಕೆ ಬಂದ ಮೇಲೆ ಪತ್ರಿಕೆಗಳ ಬಾಗಿಲು ಮುಚ್ಚಿತು. ರಾಜಕೀಯವನ್ನು ಸೋಕದೆ, ಗುಪ್ತನಾಮದಿಂದ ಬರೆಯಲು ಮಾತ್ರ ಅಪ್ಪಣೆ ದೊರೆಯಿತು. ತನ್ನ ಹೆಸರಿನ ಮೊದಲಕ್ಷರಗಳಿಗೆ ತಾನು ಬೆಳೆದ ಪಟ್ಟಣವನ್ನು ಸೇರಿಸಿ ಆತನು ‘ಇ. ಓ. ಪ್ಲೌವೆನ್’ ಆದನು.

1934ರ ಡಿಸೆಂಬರಿನಿಂದ ಮೂರು ವರ್ಷ ಆತನ ‘ತಂದೆ ಮತ್ತು ಮಗ’ ಚಿತ್ರಮಾಲೆ ಬರ್ಲಿನಿನ ಸಚಿತ್ರ ವಾರಪತ್ರಿಕೆಯಲ್ಲಿ ಪ್ರಕಟವಾಯಿತು. ಬೋಳುತಲೆಯ, ಪೊದೆಮೀಸೆಯ ತಂದೆ, ತುಂಟ ಮಗ, ಚಿತ್ರಗಳಲ್ಲಿ ಬಹುತೇಕ ಮಾತೇ ಇಲ್ಲ. ನೆಲದ ಮೇಲೆ ಮಲಗಿ ಓದುತ್ತಿರುವ ಮಗನನ್ನು ಊಟಕ್ಕೆಬ್ಬಿಸಲು ತಂದೆ ಹೋಗುತ್ತಾನೆ. ಮಗನು ಬರುತ್ತಾನೆ, ತಂದೆಯ ಸುಳಿವಿಲ್ಲ. ನೋಡಿದರೆ, ಅದೇ ಪುಸ್ತಕದಲ್ಲಿ ತಂದೆಯೇ ಮುಳುಗಿದ್ದಾನೆ!

1940ರಿಂದ ನಾಜಿಗಳ ಪತ್ರಿಕೆಗೂ ಯುದ್ಧಚಿತ್ರಗಳನ್ನು ಬರೆದುಕೊಟ್ಟನು. ಆದರೆ ನಾಲಗೆಯನ್ನು ಮಾತ್ರ ಕಟ್ಟಿಹಾಕಲಾರದವನಾದನು. ಸರಕಾರವನ್ನು ಜರೆದನೆಂದು ನೆರೆಯವನೊಬ್ಬನು ದೂರಿತ್ತನು. 1944ರ ಮಾರ್ಚಿನಲ್ಲಿ ಬಂಧನವಾಯಿತು. ಏಪ್ರಿಲಿನಲ್ಲಿ, ವಿಚಾರಣೆಗೆ ಮುನ್ನವೇ, ಸೆರೆಮನೆಯಲ್ಲಿ ತಾನೇ ಪ್ರಾಣ ನೀಗಿದನು. ಆಗ ಆತನ ವಯಸ್ಸು 41.

ಇಂದು ಪ್ಲೌವೆನಿನಲ್ಲಿ ಆತನ ಚಿತ್ರಗಳಿಗಾಗಿಯೇ ಒಂದು ಚಿತ್ರಶಾಲೆ ಇದೆ. ಹೆಸರನ್ನು ಎರವಲು ಕೊಟ್ಟ ಊರು ಆತನ ಹೆಸರನ್ನು ಕಾಯುತ್ತಿದೆ.